ಮುಟ್ಟದೆ ಉಳಿದ ಕೈ

ಎಡಗೈಯ ಕೈಗವಸು ಸಿಕ್ಕಿತು, ಬಲಗೈಯದು ಸಿಗಲಿಲ್ಲ. ಡಾರ್ಕಸ್ ಸಗ್ಡನ್ ಖಾನೆಯನ್ನು ಮತ್ತೊಮ್ಮೆ ಎಳೆದು, ಒಳಗಿದ್ದ ಕರಿಬಟ್ಟೆಗಳನ್ನೆಲ್ಲ ಮಂಚದ ಮೇಲೆ ಸುರಿದು, ಒಂದೊಂದನ್ನೂ ಕೊಡವಿದಳು. ಅಣ್ಣ ಜೇಬೆಜ್ ಸತ್ತಾಗ ಕೊಂಡ ಜೊತೆ ಅದು. ಶೋಕದಲ್ಲಿರುವ ಹೆಂಗಸು ಬರಿಗೈಯಲ್ಲಿ ಬೀದಿಗೆ ಇಳಿಯುವಂತಿಲ್ಲ, ಅದರಲ್ಲೂ ಇವತ್ತು. ಇವತ್ತು ಫ್ಲೀಸ್ ಪಾನಶಾಲೆಯ ಮಹಡಿಯಲ್ಲಿ ಜೇಬೆಜ್‌ನ ಸಾವಿನ ವಿಚಾರಣೆ ಮತ್ತೆ ಸೇರಲಿತ್ತು. ಅವನ ಹೊಟ್ಟೆಯಲ್ಲಿ ಪಾಷಾಣ ಇತ್ತೆಂದು ಲೀಡ್ಸ್ ಪಟ್ಟಣದ ಪರೀಕ್ಷಕರು ತಿಳಿಸಿದ್ದರು. ಮನೆಗೆಲಸದ ಹುಡುಗಿ ಕೆಜ್ಜಿ ಪೊಲೀಸರ ವಶದಲ್ಲಿದ್ದಳು. ಸಂಜೆಯೊಳಗೆ ಅವಳ ಮೇಲೆ ಕೊಲೆಯ ಆರೋಪ ಹೊರಿಸಿ ದೊಡ್ಡ ಕೋರ್ಟಿಗೆ ಕಳಿಸುತ್ತಾರೆ, ಅಲ್ಲಿಂದ ಮುಂದೆ ಹಗ್ಗವೇ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಕೆಳಗೆ ಅಡುಗೆಮನೆಯ ಒಲೆ ಹೊತ್ತಿಸಿರಲಿಲ್ಲ, ನಿನ್ನೆಯ ಬೂದಿ ಹಾಗೇ ಬಿದ್ದಿತ್ತು. ಕೆಜ್ಜಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಕೈಗವಸನ್ನು ಎಲ್ಲಿಂದಲಾದರೂ ಹುಡುಕಿ ತಂದು, ‘ತಗೊಳ್ಳಿ ಅಮ್ಮಾ, ಕಾಲು ಬಂದು ಓಡೋಗಿತ್ತು’ ಎನ್ನುತ್ತಿದ್ದಳು. ಆ ಮಾತು ನೆನಪಾಗಿ ಡಾರ್ಕಸ್‌ಗೆ ನಗು ಬರುವಂತಾಯಿತು, ಮರುಕ್ಷಣ ತನ್ನ ಬಗ್ಗೆ ಹೇಸಿಗೆಯಾಯಿತು.

ಕನ್ನಡಿಯಲ್ಲಿ ಮುಖ ಬೆಳ್ಳಗಿತ್ತು. ಚೆನ್ನಾಗಿಯೇ ಇತ್ತು, ಅದೇ ದೊಡ್ಡ ಅನ್ಯಾಯ. ವಸಂತದಿಂದ ಅವಳು ಔಷಧದಂಗಡಿಯಲ್ಲಿ ‘ಅಡುಗೆಮನೇಲಿ ನೊಣ ಜಾಸ್ತಿ’ ಎಂದು ಹೇಳಿ ನೊಣ ಸಾಯಿಸುವ ಪಾಷಾಣದ ಕಾಗದ ತರುತ್ತಿದ್ದಳು. ಅದನ್ನು ತಟ್ಟೆಯಲ್ಲಿ ನೆನೆಹಾಕಿ, ಬಣ್ಣ ಬಿಟ್ಟ ನೀರನ್ನು ಸೋಸಿ, ಎಲ್ಡರ್ ಹೂವಿನ ನೀರು ಮತ್ತು ಒಂದಿಷ್ಟು ಸ್ಪಿರಿಟ್ ಬೆರೆಸಿ, ರಾತ್ರಿ ಬಾಗಿಲು ಹಾಕಿಕೊಂಡು ಮುಖಕ್ಕೆ ಒತ್ತಿಕೊಳ್ಳುತ್ತಿದ್ದಳು. ಊರಿನ ಅರ್ಧ ಹೆಂಗಸರು ಮಾಡುವ ಕೆಲಸ, ಯಾರೂ ಬಾಯಿ ಬಿಡದ ಕೆಲಸ. ಇಪ್ಪತ್ತರವಳು ಮಾಡಿದರೆ ತುಂಟತನ, ನಲವತ್ತನಾಲ್ಕರವಳು ಮಾಡಿದರೆ ನಗೆಪಾಟಲು. ಅದೂ ಚಾಪೆಲ್‌ನ ಹಿರಿಯ, ಪಾನನಿಷೇಧ ಸಂಘದ ಅಧ್ಯಕ್ಷ ಜೇಬೆಜ್ ಸಗ್ಡನ್‌ನ ತಂಗಿ, ಮನೆಯಲ್ಲಿ ಒಂದು ರಿಬ್ಬನ್ ಹೆಚ್ಚಾದರೆ ಲೆಕ್ಕ ಕೇಳುವ ಅಣ್ಣನ ತಂಗಿ. ಒಮ್ಮೆ ಅವನು ಬಾಗಿಲಲ್ಲಿ ನಿಂತು, ಟೋಪಿಯನ್ನು ಬ್ರಷ್ ಮಾಡುತ್ತಾ, ‘ಬಿಡೇ ಡಾರ್ಕಸ್, ಕನ್ನಡಿ ಸವೆದುಹೋಗುತ್ತೆ’ ಎಂದಿದ್ದ. ಆಮೇಲೆ, ಸಮಾಧಾನ ಹೇಳುವವನ ಹಾಗೆ, ‘ಹೋಲ್ರಾಯ್ಡ್‌ಗೆ ಕಿವಿ ಚುರುಕು ನಿಜ, ಕಣ್ಣೂ ಅಷ್ಟೇ ಚುರುಕು. ಅದೇ ನಿನ್ನ ದುರದೃಷ್ಟ’ ಎಂದಿದ್ದ. ಸೈಲಸ್ ಹೋಲ್ರಾಯ್ಡ್ ಚಾಪೆಲ್‌ನಲ್ಲಿ ಆರ್ಗನ್ ನುಡಿಸುತ್ತಿದ್ದ, ಹೆಂಡತಿ ಸತ್ತವನು. ಒಂದು ಭಾನುವಾರ ಮೆಟ್ಟಿಲ ಹತ್ತಿರ ‘ನಿಮ್ಮ ದನಿ ಇದ್ದರೆ ಹಾಡಿನ ಸಾಲು ನಿಲ್ಲುತ್ತೆ ಮಿಸ್ ಸಗ್ಡನ್’ ಎಂದಿದ್ದ, ಅಷ್ಟೇ. ಅಷ್ಟಕ್ಕೆ ಇಷ್ಟೆಲ್ಲ. ಇವತ್ತಿನ ವಿಚಾರಣೆಯಲ್ಲಿ ಪಂಚರಾಗಿ ಕೂರುವವರಲ್ಲಿ ಅವನೂ ಒಬ್ಬ.

ಅವತ್ತು ಮನೆ ಹುಡುಕಲು ಬಂದ ಪೊಲೀಸಿನವನು ಹಿತ್ತಲ ಬಟ್ಟೆ ಒಗೆಯುವ ಕೋಣೆಯಿಂದ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ತಂದಾಗ ಡಾರ್ಕಸ್ ಅಡುಗೆಮನೆಯ ಮೇಜಿನ ಬಳಿಯೇ ನಿಂತಿದ್ದಳು. ತಟ್ಟೆಯಲ್ಲಿ ನೊಣದ ಕಾಗದ ಮೆತ್ತಗಾಗಿ ಅಂಟಿಕೊಂಡಿತ್ತು. ಅವನು ಅವಳನ್ನು ಕೇಳಲಿಲ್ಲ. ಅವಳ ಕಡೆ ತಿರುಗಲೂ ಇಲ್ಲ, ಗೌರವಸ್ಥ ಮನೆಯ ಯಜಮಾನಿ. ಅವನು ಕೆಜ್ಜಿಯನ್ನು, ‘ಏಯ್, ಇದು ನಿಂದಾ?’ ಎಂದು ಕೇಳಿದ. ಕೆಜ್ಜಿ ಡಾರ್ಕಸ್‌ಳ ಮುಖ ನೋಡಿದಳು, ಬಹಳ ಹೊತ್ತಲ್ಲ, ಬಾಗಿಲಲ್ಲಿ ಬಂದವರಿಗೆ ಟೀ ಕೊಡಲೇ ಬೇಡವೇ ಎಂದು ಕೇಳುವಾಗ ನೋಡುವಷ್ಟು. ‘ನಂದಲ್ಲ ಸಾರ್’ ಎಂದಳು. ‘ಮತ್ಯಾರದು?’ ‘ನಂದಲ್ಲ.’ ಆ ಕ್ಷಣದಲ್ಲಿ ‘ನನ್ನದು’ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು, ಟೀ ಕೊಡು ಎಂದಷ್ಟೇ ಸುಲಭವಾಗಿ. ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಂಡಳು. ಮರುದಿನ ಹೇಳುವುದಕ್ಕೆ ನಿನ್ನೆ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಾಗಿತ್ತು. ಹೀಗೆ ದಿನ ಉರುಳಿದಷ್ಟೂ ಮಾತು ಭಾರವಾಗುತ್ತ ಹೋಗಿ, ಕೊನೆಗೆ ಅವಳು ಇನ್ನೊಂದು ದಾರಿ ಹಿಡಿದಳು: ಕೆಜ್ಜಿಯೇ ಯಾಕೆ ಮಾಡಿರಬಾರದು? ತಟ್ಟೆ ನನ್ನದಿರಬಹುದು, ಅದರೊಳಗಿನ ನೀರನ್ನು ಬಗ್ಗಿಸಿಕೊಂಡು ಯಜಮಾನನ ಊಟಕ್ಕೆ ಹಾಕಿದವಳು ಅವಳೇ ಏಕಿರಬಾರದು? ಜೇಬೆಜ್ ಅವಳನ್ನು ಬೈಯುತ್ತಿದ್ದ, ಭಾನುವಾರ ರಜೆ ಕೊಡುತ್ತಿರಲಿಲ್ಲ. ರಾತ್ರಿ ಹಾಸಿಗೆಯಲ್ಲಿ ಇದನ್ನೆಲ್ಲ ಜೋಡಿಸಿದರೆ ಸರಿಯಾಗಿಯೇ ಕೂರುತ್ತಿತ್ತು. ಬೆಳಿಗ್ಗೆ ಕೆಜ್ಜಿಯ ಏಪ್ರನ್ ಮೊಳೆಯಲ್ಲಿ ತೂಗುತ್ತಿರುವುದನ್ನು ಕಂಡರೆ ಎಲ್ಲ ಕಳಚಿ ಬೀಳುತ್ತಿತ್ತು.

ಕೆಳಗೆ ಬಾಗಿಲು ತಟ್ಟದೆಯೇ ಒಳಗೆ ಬಂದ ಸದ್ದಾಯಿತು. ಪಕ್ಕದ ಮನೆಯ ಮಿಸೆಸ್ ಕ್ಲೆಗ್, ಈ ಬೀದಿಯಲ್ಲಿ ಹುಟ್ಟಿದವರನ್ನು ಹಿಡಿಯುವವಳೂ ಸತ್ತವರನ್ನು ತೊಳೆಯುವವಳೂ ಅವಳೇ. ಜೇಬೆಜ್‌ನನ್ನೂ ಅವಳೇ ತೊಳೆದಿದ್ದಳು.

‘ಇನ್ನೂ ಹೊರಟಿಲ್ವಾ ತಾಯಿ? ಒಲೆನೂ ಹಚ್ಚಿಲ್ಲ! ಹಿಂಗೆ ಹೊಟ್ಟೆಗಿಲ್ದೆ ಕೂತ್ರೆ ನಿಮ್ಮನ್ನೂ ನಾನೇ ತೊಳೀಬೇಕಾಗುತ್ತೆ.’

‘ಕೈಗವಸು ಕಾಣ್ತಿಲ್ಲ’ ಎಂದಳು ಡಾರ್ಕಸ್, ಮೆಟ್ಟಿಲಿಳಿಯುತ್ತ.

‘ಅದಕ್ಕ್ಯಾಕೆ ಅಷ್ಟು ಮುಖ ಸಣ್ಣ ಮಾಡ್ಕೊಂಡಿದೀರ? ಇವತ್ತಿಗೆ ಎಲ್ಲಾ ಮುಗೀತು ಅಂದ್ಕೊಳ್ಳಿ. ನಂಗಂತೂ ಹೆಣ ನೋಡೋಕೆ ಜನ ಬಂದ ದಿನಾನೇ ಗೊತ್ತಾಗೋಯ್ತು. ಊರಿಗೆ ಊರೇ ಬಂದು ಹಣೆ ಮುಟ್ತು. ಪಾದ್ರಿಗಳೇ ಮುಟ್ಟಿದ್ರು. ನಿಮ್ಮ ಕೆಜ್ಜಿ ಮುಟ್ಲಿಲ್ಲ. ಮುಟ್ಟಿದ್ರೆ ಹೆಣದ ಮೂಗಲ್ಲಿ ರಕ್ತ ಬರುತ್ತೆ ಅಂತ ಹೆದರ್ಕೊಂಡ್ಳು, ಇನ್ನೇನು? ನಾನು ಅದನ್ನೇ ಅಲ್ಲೂ ಹೇಳ್ತೀನಿ.’

‘ಹೌದೇನೋ’ ಎಂದಳು ಡಾರ್ಕಸ್.

ಹೌದೇನೋ. ಆ ದಿನ ಮುಂದಿನ ಕೋಣೆಯಲ್ಲಿ ಹೆಣದ ಪೆಟ್ಟಿಗೆಯ ಸುತ್ತ ಜನ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರೂ ಬಾಗಿ, ಜೇಬೆಜ್‌ನ ಹಣೆಯ ಮೇಲೆ ಬರಿಗೈ ಇಟ್ಟು ಮುಂದೆ ಸರಿಯುತ್ತಿದ್ದರು. ಸತ್ತವನ ಮೇಲೆ ನನಗೆ ಹಗೆಯಿಲ್ಲ ಎಂದು ಹೇಳುವ ಬಗೆ ಅದು. ಮುಟ್ಟದೆ ಹೋದವರ ಕನಸಿಗೆ ಸತ್ತವರು ಬರುತ್ತಾರೆ. ಕೊಂದ ಕೈ ಮುಟ್ಟಿದರೆ ಹೆಣ ರಕ್ತ ಸುರಿಸುತ್ತದೆ. ಇದೆಲ್ಲ ಮೌಢ್ಯವೆಂದು ಪಾದ್ರಿ ವರ್ಷಕ್ಕೊಮ್ಮೆ ಉಪದೇಶ ಮಾಡುತ್ತಿದ್ದರು, ತಪ್ಪದೆ ಮುಟ್ಟುತ್ತಲೂ ಇದ್ದರು. ಸಾಲಿನ ಕೊನೆಯಲ್ಲಿ ಕೆಜ್ಜಿ ಏಪ್ರನ್‌ಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು, ಬಟ್ಟೆ ಒಗೆಯುವ ಸೋಡಾ ನೀರಿನಲ್ಲಿ ಒಡೆದು ಕೆಂಪಾದ ಕೈ. ಅವಳ ಸರದಿ ಬರುವ ಹೊತ್ತಿಗೆ ಡಾರ್ಕಸ್ ಮೆಲ್ಲಗೆ, ‘ನೀರು ಕುದೀತೇನೋ ನೋಡು ಹೋಗು, ಹ್ಯಾಮ್ ಕೊಯ್ದಿಡು’ ಎಂದಿದ್ದಳು. ಬಂದವರಿಗೆ ಟೀ ಕೊಡಬೇಕಿತ್ತು, ಹ್ಯಾಮ್ ಇಲ್ಲದೆ ಕಳಿಸಿದರೆ ಸಾವಿಗೆ ಮರ್ಯಾದೆಯಿಲ್ಲ. ಅಷ್ಟೇ ಕಾರಣ. ಅಷ್ಟೇ ಏನು? ಅವಳು ಅತ್ತ ಹೋದ ಮೇಲೆ ಡಾರ್ಕಸ್ ಪೆಟ್ಟಿಗೆಯ ಬಳಿಗೆ ಹೋಗಿ ಅಣ್ಣನ ಹಣೆ ಮುಟ್ಟಿದಳು, ಕೈಗವಸು ತೆಗೆಯದೆ. ಮರೆತು, ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಕರಿಯ ಕೈ ಬಿಳಿಯ ಹಣೆಯ ಮೇಲೆ ಒಂದು ಕ್ಷಣ ಕೂತು ಎದ್ದಿತು. ಅದನ್ನು ಯಾರೂ ಗಮನಿಸಲಿಲ್ಲ, ಯಜಮಾನಿಯ ಕೈಯನ್ನು ಯಾರು ಗಮನಿಸುತ್ತಾರೆ? ಜನ ಹೋದ ಮೇಲೆ ಅದೇ ಕೋಣೆಯಲ್ಲಿ ನಿಂತು ಬಲಗೈಯ ಕೈಗವಸನ್ನು ಕಿತ್ತು ಎಲ್ಲೋ ಇಟ್ಟಿದ್ದು ಈಗ ನೆನಪಾಯಿತು. ‘ಇರಿ, ಮುಂದಿನ ಕೋಣೇಲಿರಬೇಕು’ ಎಂದು ಮಿಸೆಸ್ ಕ್ಲೆಗ್‌ಳನ್ನು ಅಡುಗೆಮನೆಯಲ್ಲೇ ಬಿಟ್ಟು ಹೋದಳು.

ಮುಂದಿನ ಕೋಣೆಯ ಪರದೆಗಳನ್ನು ವರ್ಷವಿಡೀ ಎಳೆದೇ ಇಡುತ್ತಿದ್ದರು, ಬಿಸಿಲಿಗೆ ಜಮಖಾನೆಯ ಬಣ್ಣ ಹೋಗಬಾರದೆಂದು. ಭಾನುವಾರ, ಪಾದ್ರಿ ಬಂದಾಗ, ಸಾವಾದಾಗ ಮಾತ್ರ ಆ ಕೋಣೆ. ಪೊಲೀಸಿನವನು ಇಲ್ಲಿ ಹುಡುಕಿರಲಿಲ್ಲ. ಆಗ ಪೆಟ್ಟಿಗೆ ಇಲ್ಲೇ ಇತ್ತು, ಅವನು ಹೊಸ್ತಿಲಲ್ಲಿ ಟೋಪಿ ತೆಗೆದು ಹಿಂದಿರುಗಿದ್ದ. ಅವಳೂ ಆಮೇಲೆ ಬಂದಿರಲಿಲ್ಲ. ಮೂಲೆಯಲ್ಲಿದ್ದ, ಕಾಲಿನಿಂದ ತುಳಿದು ನುಡಿಸುವ ಹಾರ್ಮೋನಿಯಂನ ಹಿಂದೆ ಅವಳ ಬಾಟಲಿ ಇತ್ತು. ನೋಡದಿದ್ದರೆ ಅದು ಇಲ್ಲ ಎಂಬಂತೆ ಇಷ್ಟು ದಿನ ಕಳೆದಿದ್ದಳು. ಈಗ ಗೋಡೆಗೂ ಹಾರ್ಮೋನಿಯಂಗೂ ನಡುವೆ ಕೈ ಇಳಿಸಿದಳು. ಮೊದಲು ಸಿಕ್ಕಿದ್ದು ಕೈಗವಸು. ಅದರ ಕೆಳಗೆ ಬಾಟಲಿ. ಅದರ ಪಕ್ಕದಲ್ಲಿ ಇನ್ನೊಂದು ಬಾಟಲಿ.

ಎರಡನ್ನೂ ಎತ್ತಿ, ಪರದೆಯನ್ನು ಒಂದು ಅಂಗೈಯಷ್ಟು ಸರಿಸಿ ನೋಡಿದಳು. ಎರಡೂ ಒಂದೇ ತರಹದ ಚಪ್ಪಟೆ ಕಂದು ಬಾಟಲಿಗಳು, ಜೇಬೆಜ್‌ನ ಹೊಟ್ಟೆನೋವಿನ ಔಷಧ ಬರುತ್ತಿದ್ದಂಥವು. ಖಾಲಿಯಾದದ್ದನ್ನು ತೊಳೆದು ಅಡುಗೆಮನೆಯ ಕಪಾಟಿನಲ್ಲಿ ಇಡುತ್ತಿದ್ದರು. ತನ್ನದು ಅಲ್ಲಿಂದಲೇ ತೆಗೆದುಕೊಂಡದ್ದು. ಹಾಗಾದರೆ ಇದೂ. ತನ್ನದರ ಕುತ್ತಿಗೆಗೆ ಕಟ್ಟಿದ್ದ ನೂಲು ಹಾಗೇ ಇತ್ತು, ಒಳಗೆ ಮಾತ್ರ ತಳ ಕಾಣುತ್ತಿತ್ತು. ಭುಜದವರೆಗೆ ತುಂಬಿಟ್ಟಿದ್ದು ಅವನು ಕಾಯಿಲೆ ಬೀಳುವ ಹಿಂದಿನ ರಾತ್ರಿ. ಇನ್ನೊಂದರ ಬಿರಡೆ ತೆಗೆದು ಮೂಗಿಗೆ ಹಿಡಿದಳು. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಆ ವಾಸನೆ ಬಂದಿರಲಿಲ್ಲ. ಆದರೂ ಗೊತ್ತಾಯಿತು, ಫ್ಲೀಸ್‌ನ ಮುಂದೆ ಹಾದುಹೋಗುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದ ವಾಸನೆ. ಜಿನ್. ಅವಳು ಹಾರ್ಮೋನಿಯಂನ ಸ್ಟೂಲಿನ ಮೇಲೆ ಕೂತಳು. ಭಾನುವಾರ ಸಂಜೆ ಪ್ರಾರ್ಥನೆ ಮುಗಿಸಿ ಬಂದವನು ‘ಸ್ವಲ್ಪ ಹೊತ್ತು ಒಬ್ಬನೇ ಇರ್ತೀನಿ’ ಎಂದು ಈ ಕೋಣೆ ಸೇರುತ್ತಿದ್ದ. ಅವಳೋ ಅವನು ದೇವರ ಜೊತೆ ಇದ್ದಾನೆಂದು ಕಾಲ ತುದಿಯಲ್ಲಿ ಓಡಾಡುತ್ತಿದ್ದಳು. ದೀಪ ಹಚ್ಚಿದರೆ ಹೊರಗೆ ಕಾಣುತ್ತದೆ, ಹಚ್ಚುತ್ತಿರಲಿಲ್ಲ. ಕತ್ತಲಲ್ಲಿ ಕೈ ಇಳಿಸಿದ್ದಾನೆ, ಸಿಕ್ಕಿದ್ದನ್ನು ಎತ್ತಿದ್ದಾನೆ, ಸ್ಪಿರಿಟ್ಟಿನ ವಾಸನೆ ಬಂದಿದೆ, ಯಾರಾದರೂ ಬಂದಾರೆಂದು ಗಟಗಟ ಇಳಿಸಿದ್ದಾನೆ. ಒಂದೇ ಮನೆಯಲ್ಲಿ ಅಣ್ಣ ತಂಗಿ ಇಬ್ಬರೂ, ಒಬ್ಬರಿಗೊಬ್ಬರು ಹೆದರಿ, ಒಂದೇ ಜಾಗದಲ್ಲಿ ತಮ್ಮ ತಮ್ಮ ನಾಚಿಕೆಯನ್ನು ಬಚ್ಚಿಟ್ಟಿದ್ದರು.

ವಾಂತಿ ನಿಲ್ಲದೆ ನರಳುತ್ತಿದ್ದಾಗ ಡಾಕ್ಟರು ಏನು ತಿಂದಿರಿ, ಏನು ಕುಡಿದಿರಿ ಎಂದು ಮತ್ತೆ ಮತ್ತೆ ಕೇಳಿದ್ದರು. ಕುರಿಮಾಂಸದ ಕಡುಬು, ಟೀ ಎಂದಷ್ಟೇ ಅವನು ಹೇಳಿದ್ದ. ಡಾಕ್ಟರು ಹೋದ ಮೇಲೆ ಅವಳ ಮಣಿಕಟ್ಟು ಹಿಡಿದು, ‘ಡಾರ್ಕಸ್, ಆ ಮುಂದಿನ ಕೋಣೇಲಿ…’ ಎಂದವನು, ಪಾದ್ರಿ ಮೆಟ್ಟಿಲು ಹತ್ತುವ ಸದ್ದು ಕೇಳಿ ಕೈ ಬಿಟ್ಟಿದ್ದ. ಸಾಯುತ್ತಿದ್ದರೂ ಹೇಳಲಿಲ್ಲ. ಹೇಳಿದ್ದರೆ ಉಳಿಯುತ್ತಿದ್ದನೇನೋ. ಪಾಪ ಜೇಬೆಜ್, ಎಂದು ಅವಳಿಗೆ ಮೊದಲ ಸಲ ದುಃಖ ಉಕ್ಕಿ ಬಂತು. ಅಷ್ಟು ವರ್ಷ ಬೈಸಿಕೊಂಡರೂ, ತನ್ನ ರಕ್ತವೇ ಅವನು ಎಂದು ಈಗ ಅನ್ನಿಸಿತು. ಆ ದುಃಖದ ಹಿಂದೆಯೇ ಇನ್ನೊಂದು ನೆನಪು ಎದ್ದು ನಿಂತಿತು: ಅದಕ್ಕೂ ಹಿಂದಿನ ವಾರ ಬಾಟಲಿಯಲ್ಲಿ ಎರಡು ಬೆರಳಷ್ಟು ಕಡಿಮೆಯಾದದ್ದನ್ನು ಅವಳು ನೋಡಿದ್ದಳು. ಬಿರಡೆ ಸಡಿಲವಿರಬೇಕು, ಆರಿರಬೇಕು ಎಂದುಕೊಂಡು ಮತ್ತೆ ತುಂಬಿ ಅಲ್ಲೇ ಇಟ್ಟಿದ್ದಳು. ಹಾಗೆ ಅಂದುಕೊಂಡಿದ್ದಳೋ, ಅಂದುಕೊಳ್ಳಬೇಕೆಂದು ಅಂದುಕೊಂಡಿದ್ದಳೋ? ಆ ವಾರವೇ ಅಲ್ಲವೇ ಕನ್ನಡಿ ಸವೆಯುವ ಮಾತು ಬಂದದ್ದು? ಸ್ಟೂಲಿನ ಮೇಲೆ ಕೂತು ತನ್ನೊಳಗೆ ಎಷ್ಟು ಆಳಕ್ಕೆ ಕೈ ಇಳಿಸಿದರೂ ಅವಳಿಗೆ ಅಲ್ಲಿ ಉತ್ತರ ಸಿಗಲಿಲ್ಲ. ಸಿಕ್ಕಿದ್ದು ಒಂದೇ, ಇನ್ನು ಕೆಜ್ಜಿಯ ಮೇಲೆ ಅನುಮಾನ ಪಡುವ ಸುಖ ತನಗಿಲ್ಲ.

‘ಸಿಕ್ತಾ?’ ಎಂದು ಮಿಸೆಸ್ ಕ್ಲೆಗ್ ಕೂಗಿದಳು. ‘ಸಿಕ್ತು’ ಎಂದಳು ಡಾರ್ಕಸ್. ಎರಡು ಬಾಟಲಿಗಳನ್ನೂ ಲಂಗದ ಜೇಬಿಗೆ ಇಳಿಸಿದಳು. ಕೈಗವಸನ್ನು ಹಾರ್ಮೋನಿಯಂನ ಮೇಲೆ ಬಿಟ್ಟಳು.

ಫ್ಲೀಸ್‌ನ ಹೊಸ್ತಿಲನ್ನು ಅವಳು ಎಂದೂ ತುಳಿದವಳಲ್ಲ. ಊರಲ್ಲಿ ಅಷ್ಟು ಜನ ಕೂರುವ ಇನ್ನೊಂದು ಕೋಣೆಯಿಲ್ಲವೆಂದು ವಿಚಾರಣೆಗಳೆಲ್ಲ ಅಲ್ಲೇ. ಮಹಡಿಯಲ್ಲಿ ಮಾಸಿದ ತಂಬಾಕಿನ ಹೊಗೆ, ಒದ್ದೆ ಉಣ್ಣೆಯ ಕೋಟುಗಳ ವಾಸನೆ, ರಾಣಿಯ ಚಿತ್ರದ ಕೆಳಗೆ ಸಾವಿನ ವಿಚಾರಣೆ ನಡೆಸುವ ಕಾರೋನರ್, ಅವನ ಪಕ್ಕದ ಬೆಂಚುಗಳಲ್ಲಿ ಪಂಚರು. ಹೋಲ್ರಾಯ್ಡ್ ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡು ಕೂತಿದ್ದ. ಅವಳನ್ನು ಕಂಡು ಎದ್ದು ತಲೆಬಾಗಿದ. ಗೋಡೆಯ ಬಳಿ ಇಬ್ಬರು ಪೊಲೀಸರ ನಡುವೆ ಕೆಜ್ಜಿ. ಕೈಗಳನ್ನು ತೊಡೆಯ ಮೇಲೆ ಇಟ್ಟಿದ್ದಳು. ಇಷ್ಟು ದಿನ ಸೋಡಾ ನೀರು ಮುಟ್ಟದೆ ಆ ಕೈಗಳ ಬಿರುಕು ಮಾಯುತ್ತ ಬಂದಿತ್ತು. ಅದನ್ನು ಕಂಡು ಡಾರ್ಕಸ್‌ಗೆ ಅಳು ಬಂತು.

ಮಿಸೆಸ್ ಕ್ಲೆಗ್ ಹೇಳುವುದನ್ನೆಲ್ಲ ಹೇಳಿ, ಬೇಡವೆಂದರೂ ಹೆಣ ಮುಟ್ಟದ್ದನ್ನು ಎರಡು ಸಲ ಹೇಳಿ ಕೂತಳು. ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಡಾರ್ಕಸ್‌ಳನ್ನು ಕರೆದು ಪ್ರಮಾಣ ಮಾಡಿಸಿದರು. ಅವಳ ಬರಿಗೈಯನ್ನು ಗುಮಾಸ್ತೆ ಒಂದು ಗಳಿಗೆ ನೋಡಿದ.

‘ತೊಂದ್ರೆ ಕೊಡ್ತಿರೋದಕ್ಕೆ ಕ್ಷಮಿಸಿ ಮಿಸ್ ಸಗ್ಡನ್’ ಎಂದ ಕಾರೋನರ್. ‘ಈ ತಟ್ಟೆ ಬಗ್ಗೆ ಈ ಹುಡುಗಿ ಏನೂ ಹೇಳ್ತಿಲ್ಲ. ನಿಮಗೇನಾದ್ರೂ ಗೊತ್ತಾ?’

‘ಅದು ನನ್ನದು.’

‘ಅಂದ್ರೆ, ತಟ್ಟೆ ನಿಮ್ಮ ಮನೇದು.’

‘ನೊಣದ ಕಾಗದ ತಂದಿದ್ದು ನಾನು. ನೆನೆಹಾಕಿದ್ದು ನಾನು.’

‘ಯಾತಕ್ಕೆ?’

‘ಮುಖಕ್ಕೆ’ ಎಂದಳು. ಅವನಿಗೆ ಅರ್ಥವಾಗಲಿಲ್ಲ. ‘ಮುಖಕ್ಕೆ ಹಚ್ಚಿಕೊಳ್ಳೋಕೆ. ಬೆಳ್ಳಗಾಗುತ್ತೆ ಅಂತ.’

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದು ಬೆಂಚಿನಿಂದ ಬೆಂಚಿಗೆ ಹರಡಿತು. ‘ನೊಣಗಳ ಕಾಟ ಯಾಕಿತ್ತು ಅಂತ ಈಗ ಗೊತ್ತಾಯ್ತು ಬಿಡ್ರೋ’ ಎಂದು ಒಬ್ಬ ನೇಕಾರ ಗಟ್ಟಿಯಾಗಿಯೇ ಹೇಳಿದ. ಇಷ್ಟು ದಿನ ಅವಳು ಹೆದರಿದ್ದು ಈ ನಗುವಿಗೆ. ಈ ನಗು ಕೇಳಬಾರದೆಂದು ಒಂದು ಹುಡುಗಿಯನ್ನು ನೇಣಿಗೆ ಬಿಡಲು ಸಿದ್ಧವಾಗಿದ್ದಳು. ಈಗ ಅದು ಬಂದು ಮೈಮೇಲೆ ಬಿದ್ದಾಗ, ನೋಯಿತು, ಆದರೆ ಸಾಯುವಷ್ಟೇನೂ ನೋಯಲಿಲ್ಲ. ಕಾರೋನರ್ ನಗಲಿಲ್ಲ. ಅವನ ದನಿಯಲ್ಲಿ ಕನಿಕರವಿತ್ತು, ಅದೇ ಹೆಚ್ಚು ಚುಚ್ಚಿತು.

‘ಮಿಸ್ ಸಗ್ಡನ್, ಆಳುಗಳ ಮೇಲೆ ಕರುಣೆ ಒಳ್ಳೇದೇ. ಆದ್ರೆ ನೀವು ಪ್ರಮಾಣ ಮಾಡಿದೀರ. ನಿಮ್ಮಂಥ ವಯಸ್ಸಿನೋರು, ನಿಮ್ಮಂಥ ಮನೆತನದೋರು ಹಿಂಗೆ ಮಾಡ್ತಾರೆ ಅಂದ್ರೆ ಯಾರು ನಂಬ್ತಾರೆ?’

ಕೊಲೆ ಮಾಡಿದೆ ಎಂದಿದ್ದರೆ ನಂಬುತ್ತಿದ್ದರೇನೋ. ಯಾರಾದರೂ ನನ್ನನ್ನು ನೋಡಲಿ ಎಂದು ಆಸೆಪಟ್ಟೆ ಎಂದರೆ ನಂಬಲಾರರು. ಅವಳು ಕರಿ ಮುಸುಕನ್ನು ಎರಡು ಕೈಯಿಂದ ಎತ್ತಿ ಟೋಪಿಯ ಮೇಲೆ ಹಾಕಿದಳು. ‘ಡಾಕ್ಟರು ನೋಡಲಿ’ ಎಂದಳು. ಡಾಕ್ಟರು ಅವಳನ್ನು ಕಿಟಕಿಯ ಬಳಿ ಕರೆದೊಯ್ದು, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಕುದುರೆಯನ್ನು ಕೊಳ್ಳುವವನಂತೆ ಕೆನ್ನೆ, ಹಣೆ, ಕಣ್ಣಿನ ಕೆಳಗೆಲ್ಲ ಬೆರಳಾಡಿಸಿ, ‘ನಿಜ. ಬಹಳ ತಿಂಗಳಿಂದ ಹಚ್ಚಿದಾರೆ’ ಎಂದರು. ಆ ಬೆಳಕಿನಲ್ಲಿ ಅವಳ ಮುಖವನ್ನು ಊರೆಲ್ಲ ನೋಡಿತು. ಹೋಲ್ರಾಯ್ಡ್ ಒಬ್ಬ ಮಾತ್ರ ಟೋಪಿಯ ಅಂಚನ್ನು ನೋಡುತ್ತಿದ್ದ.

ಅವಳು ವಾಪಸ್ಸು ಬಂದು ಬಾಟಲಿಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟಳು. ಎಲ್ಲಿತ್ತು, ಯಾವುದು ಯಾರದು ಎಂದು ಹೇಳಿದಳು. ಕಾರೋನರ್ ಬಿರಡೆ ತೆಗೆದು ಮೂಸಿ, ಪಕ್ಕದವನಿಗೆ ಕೊಟ್ಟ. ಆಗ ಎದ್ದ ಗಲಾಟೆ ನಗುವಿನದಲ್ಲ. ಪಾದ್ರಿ ಎದ್ದು ನಿಂತು, ‘ಸೋದರಿ ಡಾರ್ಕಸ್! ಸತ್ತ ಅಣ್ಣನ ಬಾಯಿಗೆ ಹೆಂಡ ಹುಯ್ತೀಯಾ? ನಾಚಿಕೆಯಾಗಲ್ವಾ?’ ಎಂದು ನಡುಗುವ ದನಿಯಲ್ಲಿ ಕೂಗಿದರು. ಬೇರೆಯವರೂ ಕೂಗಿದರು. ವಿಷ ಹಾಕಿದವಳೆಂದು ನಂಬಿದ್ದ ಕೆಜ್ಜಿಯನ್ನೂ ಅವರು ಇಷ್ಟೊಂದು ಬೈದಿರಲಿಲ್ಲ.

‘ನಿಜ ಸ್ವಾಮಿ.’ ಗೋಡೆಯ ಬಳಿಯಿಂದ ಬಂದ ದನಿ ಕೆಜ್ಜಿಯದು. ‘ಯಜಮಾನ್ರಿಗೆ ಜಿನ್ ತಂದ್ಕೊಡ್ತಿದ್ದೋಳೇ ನಾನು. ಬೈಬಲ್ ಮೇಲೆ ಕೈ ಇಡಿಸಿ, ಯಾರಿಗೂ ಹೇಳಬಾರದು ಅಂದಿದ್ರು. ಆದ್ರೆ ಎಲ್ಲಿಡ್ತಿದ್ರೋ ಗೊತ್ತಿರಲಿಲ್ಲ.’

‘ತಟ್ಟೆ ನಿಮ್ಮ ಯಜಮಾನಿದು ಅಂತ ಗೊತ್ತಿತ್ತಾ?’ ಎಂದ ಕಾರೋನರ್.

‘ಗೊತ್ತಿತ್ತು. ತೊಳೀತಿದ್ದೋಳು ನಾನಲ್ವಾ.’

‘ಮತ್ಯಾಕಮ್ಮ ಹೇಳಲಿಲ್ಲ? ಪ್ರಾಣಕ್ಕೇ ಬಂದಿತ್ತಲ್ಲ!’

ಕೆಜ್ಜಿ ಯೋಚಿಸಿದಳು. ‘ನಾನ್ ಹೇಳಿದ್ರೆ ಯಾರು ನಂಬ್ತಿದ್ರು? ಅವರೇ ಹೇಳ್ತಾರೆ ಅಂದ್ಕೊಂಡೆ’ ಎಂದಳು. ‘ದಿನಾ ಅಂದ್ಕೊಂಡೆ.’

ಡಾರ್ಕಸ್‌ಗೆ ಕೂರಲು ಹೇಳಿದರು. ಅವಳು ಕೂರಲಿಲ್ಲ. ‘ಇನ್ನೊಂದು ಮಾತಿದೆ’ ಎಂದಳು. ‘ಅವಳು ಹೆಣ ಮುಟ್ಟಲಿಲ್ಲ ಅಂತಾರಲ್ಲ, ಮುಟ್ಟೋಕೆ ನಿಂತಿದ್ದಳು. ನಾನೇ ನೀರು ನೋಡು ಹೋಗು ಅಂತ ಕಳಿಸಿದೆ. ಮುಟ್ಟದೆ ಇದ್ದೋಳು ನಾನು. ಕೈಗವಸು ಹಾಕಿಕೊಂಡು ಮುಟ್ಟಿದೆ.’ ಇದಕ್ಕೂ ಕಾನೂನಿಗೂ ಸಂಬಂಧವಿಲ್ಲವೆಂದು ಕಾರೋನರ್ ಬರೆದುಕೊಳ್ಳಲಿಲ್ಲ. ಮಿಸೆಸ್ ಕ್ಲೆಗ್ ಮಾತ್ರ ತನ್ನ ಬೆಂಚಿನಲ್ಲಿ ಅವಳಿಂದ ಒಂದಿಷ್ಟು ದೂರ ಸರಿದು ಕೂತಳು.

ಪಂಚರು ಪಕ್ಕದ ಕೋಣೆಗೆ ಹೋಗಿ ಬಂದು, ಆಕಸ್ಮಿಕ ಸಾವು, ಯಾರ ಮೇಲೂ ಆರೋಪವಿಲ್ಲ ಎಂದರು. ಹೇಳಿದವನು ಹೋಲ್ರಾಯ್ಡ್ ಅಲ್ಲ, ಇನ್ಯಾರೋ. ಜನ ಮೆಟ್ಟಿಲಿಳಿದು ಹೋದರು, ಕೆಳಗೆ ಲೋಟಗಳ ಸದ್ದು ಶುರುವಾಯಿತು. ಚಾಪೆಲ್‌ನವರು ಅವಳನ್ನು ಸುತ್ತು ಹಾಕಿ ನಡೆದರು, ಬೆಂಚನ್ನೋ ಕಂಬವನ್ನೋ ಸುತ್ತಿ ಹೋಗುವ ಹಾಗೆ. ಕಾನೂನು ಅವಳನ್ನು ಬಿಟ್ಟಿತ್ತು. ಎರಡು ಬೆರಳಷ್ಟು ಕಡಿಮೆಯಾಗಿದ್ದ ಬಾಟಲಿಯ ಬಗ್ಗೆ ಯಾರೂ ಕೇಳಿರಲಿಲ್ಲ. ಅದು ಅವಳೊಬ್ಬಳದಾಗಿ ಉಳಿಯಿತು. ಮನೆಗೆ ಹೋಗಿ ಒಲೆ ಹಚ್ಚಬೇಕು ಎಂದುಕೊಂಡು ಬೆಂಚಿನ ಮೇಲೆ ಕೂತೇ ಇದ್ದಳು.

ಕೆಜ್ಜಿ ಎದುರಿಗೆ ಬಂದು ನಿಂತಿದ್ದಳು, ಬಟ್ಟೆಯ ಗಂಟು ಕಂಕುಳಲ್ಲಿ.

‘ನಮ್ಮೂರಿಗೆ ಹೋಗ್ತೀನಿ ಅಮ್ಮಾ.’

‘ಕೆಜ್ಜಿ’ ಎಂದಳು ಡಾರ್ಕಸ್. ಕ್ಷಮಿಸು ಎನ್ನುವುದು ಎಷ್ಟು ಚಿಕ್ಕ ಮಾತೆಂದು ಗೊತ್ತಾಯಿತು. ‘ಸಂಬಳ…’

‘ಇರ್ಲಿ ಬಿಡಿ.’

ಕೆಜ್ಜಿ ಗಂಟನ್ನು ಬೆಂಚಿನ ಮೇಲೆ ಇಟ್ಟಳು. ಬಲಗೈಯನ್ನು ಲಂಗಕ್ಕೆ ಒರೆಸಿಕೊಂಡಳು, ಆ ದಿನ ಸಾಲಿನ ಕೊನೆಯಲ್ಲಿ ನಿಂತು ಒರೆಸಿಕೊಂಡಂತೆಯೇ. ಆಮೇಲೆ ಬಾಗಿ, ಅಂಗೈಯನ್ನು ಡಾರ್ಕಸ್‌ಳ ಹಣೆಯ ಮೇಲೆ ಇಟ್ಟು, ಒಂದು ಕ್ಷಣ ಹಾಗೇ ಹಿಡಿದು, ತೆಗೆದಳು. ಅದರಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯೂ ಇರಲಿಲ್ಲ. ಸತ್ತವರನ್ನು ಮುಟ್ಟುವಾಗ ಹೇಗೆ ಮುಟ್ಟುತ್ತಾರೋ ಹಾಗೆ ಮುಟ್ಟಿದಳು. ಗಂಟನ್ನು ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು.